ರಾಬರ್ಟ್ ಬ್ರೂಸ್ ಫೂಟ್ ಸಾಹೇಬರೂ ನಮ್ಮ ವಿಶ್ವವಿದ್ಯಾಲಯಗಳೂ

ವಿಶ್ವವಿದ್ಯಾಲಯವೊಂದರ ದೊಡ್ಡಸ್ತಿಕೆಯನ್ನು ಅಳೆಯತಕ್ಕ ಕೋಲು ಯಾವುದು? ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರವು ಬಹು ಸುಲಭವಾದುದು. ಎಷ್ಟು ಎಕರೆ ನೆಲ, ಎಷ್ಟು ಅಂತಸ್ತಿನ ಕಟ್ಟಡ, ಎಷ್ಟು ಮಂದಿ ಪರೀಕ್ಷೆಗೆ ಕುಳಿತರು, ಎಷ್ಟು ಮಂದಿಗೆ ಪದವಿ ದೊರೆಯಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಅಚ್ಚುಮಾಡಿ ಹಂಚಿದರೆ ಕಾರ್ಯವು ಮುಗಿದಂತೆಯೇ ಎಂದು ಆಡಳಿತಗಾರರೂ ಜನರೂ ಭಾವಿಸಿರುವಂತಿದೆ. ಸಂಶೋಧನೆಯ ಮಾತು ಬಂದಾಗಲೂ ಯಂತ್ರಗಳ ಬೆಲೆ ಮತ್ತು ಅನುದಾನದ ಮೊತ್ತಗಳೇ ಮುಂದೆ ಬರುತ್ತವೆ. ಈ ಲೆಕ್ಕಗಳು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಸಂಶೋಧನೆಯ ನಿಜವಾದ ಬಂಡವಾಳವು ಬೇರೊಂದು ಕಡೆ ಇದೆಯೆಂಬುದನ್ನು ಬಳ್ಳಾರಿಯ ಸೀಮೆಯಲ್ಲಿ ದುಡಿದು ಹೋದ ಒಬ್ಬ ಮಹನೀಯರ ಜೀವನವು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಅವರು ಯಾವ ವಿಶ್ವವಿದ್ಯಾಲಯದ ಪೀಠದಲ್ಲಿಯೂ ಕುಳಿತು ಹೆಸರು ಪಡೆದವರಲ್ಲ. ಆದರೂ ಅವರು ಬಿಟ್ಟುಹೋದ ಕಾರ್ಯದ ಮೇಲೆ ಇಂದಿಗೂ ವಿಶ್ವವಿದ್ಯಾಲಯಗಳು ತಮ್ಮ ಸಂಶೋಧನೆಯನ್ನು ಕಟ್ಟುತ್ತಿವೆ.

ಬಳ್ಳಾರಿಯ ಕೋಟೆಗುಡ್ಡದ ಮೇಲೆ ನಿಂತು ಸುತ್ತಲೂ ಕಣ್ಣು ಹಾಯಿಸಿದವರಿಗೆ ಈ ನಾಡಿನ ಸ್ವರೂಪವು ಒಂದೇ ನೋಟಕ್ಕೆ ತಿಳಿಯುತ್ತದೆ. ಕೆಳಗೆ ಎರೆಭೂಮಿಯ ಬಯಲು. ಆ ಬಯಲಿನಿಂದ ಒಮ್ಮೆಲೇ ಎದ್ದು ನಿಂತಿರುವ ಬೋಳು ಬಂಡೆಯ ಗುಡ್ಡಗಳು. ಈಶಾನ್ಯದಲ್ಲಿ ಸಂಗನಕಲ್ಲು ಮತ್ತು ಕಪ್ಪಗಲ್ಲುಗಳ ಗುಡ್ಡಗಳಿವೆ. ವಾಯವ್ಯಕ್ಕೆ ಹೊರಟರೆ ಹಿಂದೆ ಸಿಂದ ಅರಸರ ರಾಜಧಾನಿಯಾಗಿದ್ದ ಕುರುಗೋಡು ಇದೆ. ಉತ್ತರದ ದಾರಿಯಲ್ಲಿ ತೆಕ್ಕಲಕೋಟೆಯ ಗುಡ್ಡಗಳನ್ನು ದಾಟಿದರೆ ತುಂಗಭದ್ರೆಯ ನೀರುಂಡ ಸಿರುಗುಪ್ಪದ ಗದ್ದೆಗಳು ಬರುತ್ತವೆ. ಹೊಟ್ಟೆಪಾಡಿಗಾಗಿ ಈ ದಾರಿಗಳಲ್ಲಿ ದಿನವೂ ಓಡಾಡುವ ಸಹಸ್ರಾರು ಜನರು ಈ ಗುಡ್ಡಗಳನ್ನು ಬರಿಯ ಕಲ್ಲೆಂದು ಕಾಣುತ್ತಾರೆ. ಇವು ಪುಸ್ತಕಗಳೆಂದೂ, ಇವನ್ನು ಕ್ರಮವಾಗಿ ಓದಬಹುದೆಂದೂ ಮೊದಲು ವಿಸ್ತಾರವಾಗಿ ತೋರಿಸಿಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು.

ಫೂಟ್ ಸಾಹೇಬರು ೧೮೩೪ನೆಯ ಸೆಪ್ಟೆಂಬರ್ ೨೨ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. ೧೮೫೮ರ ಡಿಸೆಂಬರಿನಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಭಾರತದ ಭೂಗರ್ಭ ಸರ್ವೇ ಇಲಾಖೆಯನ್ನು ಸೇರಿ ಮದರಾಸಿನ ಕಡೆಗೆ ನಿಯಮಿತರಾದರು. ಅದಕ್ಕೆ ಒಂದು ವರ್ಷ ಮೊದಲು, ೧೮೫೭ರಲ್ಲಿ, ಕಲ್ಕತ್ತಾ, ಮುಂಬಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾಗಿದ್ದವು. ಇವೆರಡು ಸಂಗತಿಗಳನ್ನು ಒಟ್ಟಿಗೆ ನೆನೆಯುವುದು ಉಚಿತ. ಆ ಕಾಲದ ವಿಶ್ವವಿದ್ಯಾಲಯಗಳು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವೇ ಹೊರತು ಹೊಸ ಜ್ಞಾನವನ್ನು ಹುಡುಕುವ ಸಂಸ್ಥೆಗಳಾಗಿರಲಿಲ್ಲ. ೧೯೦೪ರ ಕಾಯಿದೆಯು ಬಂದ ಮೇಲೆ ಮಾತ್ರ ಬೋಧನೆ ಮತ್ತು ಸಂಶೋಧನೆಗಳು ಅವುಗಳ ಕರ್ತವ್ಯವೆಂದು ವಿಧ್ಯುಕ್ತವಾಗಿ ಎಣಿಸಲ್ಪಟ್ಟವು. ಹೀಗಾಗಿ ಬಳ್ಳಾರಿಯ ಹುಡುಗನು ಮದರಾಸಿನ ಪರೀಕ್ಷೆಗಾಗಿ ಇಂಗ್ಲೆಂಡಿನ ಇತಿಹಾಸವನ್ನು ಬಾಯಿಪಾಠ ಮಾಡುತ್ತಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ಗುಡ್ಡಗಳ ಇತಿಹಾಸವನ್ನು ಹುಡುಕುತ್ತಿದ್ದವರು ಸರ್ಕಾರದ ಒಬ್ಬ ಸರ್ವೇ ಅಧಿಕಾರಿ.

ಸರ್ವೇ ಇಲಾಖೆಯ ಉದ್ದೇಶವು ಜ್ಞಾನದಾನವಾಗಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಕಲ್ಲಿದ್ದಲು ಎಲ್ಲಿ, ಕಬ್ಬಿಣ ಎಲ್ಲಿ, ಚಿನ್ನ ಎಲ್ಲಿ ಎಂಬುದನ್ನು ಪರಸರ್ಕಾರವು ತನ್ನ ಪ್ರಯೋಜನಕ್ಕಾಗಿ ತಿಳಿಯಬಯಸಿತ್ತು. ಆ ಕೆಲಸಕ್ಕೆಂದು ಬಂದ ತರುಣನು ಆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದುದಲ್ಲದೆ, ಯಾರೂ ತನ್ನಿಂದ ಕೇಳದಿದ್ದ ಬೇರೊಂದು ಪ್ರಶ್ನೆಯನ್ನೂ ಕಲ್ಲುಗಳಿಗೆ ಹಾಕಿದನು. ಫೂಟ್ ಸಾಹೇಬರ ವೈಶಿಷ್ಟ್ಯವೆಲ್ಲ ಇಲ್ಲಿಯೇ ಇದೆ.

೧೮೫೯ರಲ್ಲಿ ಯುರೋಪಿನ ವಿದ್ವನ್ಮಂಡಲದಲ್ಲಿ ಒಂದು ದೊಡ್ಡ ವಾದವು ತೀರ್ಮಾನಕ್ಕೆ ಬಂದಿತ್ತು. ಫ್ರಾನ್ಸಿನ ಸೋಮ್ ನದಿಯ ಕಣಿವೆಯಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬುಗಳೊಡನೆ ದೊರೆತ ಚೂಪುಗಲ್ಲುಗಳು ಮನುಷ್ಯನ ಕೈಯಿಂದಲೇ ಆದುವೆಂದು ಬೂಷೆ ದ ಪರ್ಥ್ ಎಂಬವರು ಬಹುಕಾಲದಿಂದ ಹೇಳುತ್ತ ಬಂದಿದ್ದುದನ್ನು ಇಂಗ್ಲೆಂಡಿನ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಎಂಬ ವಿದ್ವಾಂಸರು ಸ್ಥಳಕ್ಕೆ ಹೋಗಿ ನೋಡಿ ಒಪ್ಪಿದರು. ಈ ವಿಷಯವನ್ನು ಓದಿದ್ದ ಫೂಟ್ ಸಾಹೇಬರು, ಮದರಾಸಿನ ಸುತ್ತಲಿನ ನೆಲದಲ್ಲಿಯೂ ಇಂತಹ ವಸ್ತುಗಳು ಇರಬಹುದೆಂದು ಕಣ್ಣಿಟ್ಟು ನಡೆಯುತ್ತಿದ್ದರು. ೧೮೬೩ನೆಯ ಮೇ ೩೦ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಜಲ್ಲಿ ತೆಗೆದ ಹಳ್ಳವೊಂದರಲ್ಲಿ, ಅವರಿಗೆ ಮನುಷ್ಯನು ಕಡೆದ ಕಲ್ಲಿನ ಆಯುಧವೊಂದು ದೊರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಯಾದ ವಿಲಿಯಂ ಕಿಂಗ್ ಎಂಬವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಇಂತಹ ಆಯುಧಗಳ ದೊಡ್ಡ ನೆಲೆಯನ್ನೇ ಕಂಡರು.

ಭಾರತದ ಮನುಷ್ಯನ ಚರಿತ್ರೆಯು ವೇದಕಾಲಕ್ಕಿಂತಲೂ, ಗ್ರಂಥಗಳಿಗಿಂತಲೂ ಎಷ್ಟೋ ಹಿಂದಕ್ಕೆ ಹೋಗುತ್ತದೆಂಬುದಕ್ಕೆ ಸ್ಥಿರವಾದ ಸಾಕ್ಷ್ಯವು ದೊರೆತುದು ಆ ದಿನದಿಂದ. ಎಷ್ಟು ಹಿಂದಕ್ಕೆ ಎಂಬುದನ್ನು ನಿರ್ಣಯಿಸುವ ಸಾಧನಗಳು ಫೂಟ್ ಸಾಹೇಬರಲ್ಲಿ ಇರಲಿಲ್ಲ. ಸುಮಾರು ಒಂದೂವರೆ ಶತಮಾನದ ತರುವಾಯ, ೨೦೧೧ರಲ್ಲಿ, ಭಾರತೀಯ ಮತ್ತು ಫ್ರೆಂಚ್ ವಿದ್ವಾಂಸರು ಅತ್ತಿರಂಪಾಕ್ಕಂ ನೆಲೆಯ ಅತಿ ಕೆಳಗಿನ ಪದರಗಳು ಸುಮಾರು ೧೫ ಲಕ್ಷ ವರ್ಷಗಳಷ್ಟು ಹಳೆಯವೆಂದು ಪ್ರಕಟಿಸಿದರು. ಸ್ಥಳವನ್ನು ಸರಿಯಾಗಿ ಗುರುತಿಸಿ ದಾಖಲೆ ಮಾಡಿಟ್ಟವರಿಗೆ ಕಾಲವು ಕೊಡುವ ಬಹುಮಾನವು ಇಂತಹುದು. ತಮ್ಮಿಂದ ಉತ್ತರಿಸಲಾಗದ ಪ್ರಶ್ನೆಯನ್ನು ಮುಂದಿನವರು ಉತ್ತರಿಸುವಂತೆ ಅವರು ಕಾಪಾಡಿಟ್ಟರು.

ಅನಂತರದ ವರ್ಷಗಳಲ್ಲಿ ಸಾಹೇಬರ ಕೆಲಸವು ಕನ್ನಡನಾಡಿಗೆ ಹರಿಯಿತು. ಬೆಳಗಾವಿ, ಧಾರವಾಡ, ಕಲಾದಗಿಗಳನ್ನೊಳಗೊಂಡ ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯಲ್ಪಡುತ್ತಿದ್ದ ಸೀಮೆಯನ್ನು ಅವರು ತಿರುಗಿ ನೋಡಿ, ೧೮೭೬ರಲ್ಲಿ ಅದರ ಭೂರಚನೆಯನ್ನು ಕುರಿತು ಒಂದು ಬೃಹದ್‌ಗ್ರಂಥವನ್ನು ಪ್ರಕಟಿಸಿದರು. ಗೋಕಾವಿಯ ಸಮೀಪದಲ್ಲಿ ಹಳೆಯ ಮಣ್ಣಿನ ಪದರದೊಳಗಿಂದ ಖಡ್ಗಮೃಗದ ಎಲುಬುಗಳನ್ನು ತೆಗೆದು, ಘಟಪ್ರಭೆಯ ತೀರದಲ್ಲಿ ಒಂದು ಕಾಲಕ್ಕೆ ಆ ಪ್ರಾಣಿಯು ಮೇಯುತ್ತಿದ್ದಿತೆಂಬುದನ್ನು ಲೋಕಕ್ಕೆ ತಿಳಿಸಿದರು. ಮಲಪ್ರಭೆಯ ಕಣಿವೆಯಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನು ಗುರುತಿಸಿದರು. ಚಿನ್ನವು ವಿಶೇಷವಾಗಿ ದೊರೆಯುವ ಕರಿಹಸುರು ಬಣ್ಣದ ಪ್ರಾಚೀನ ಶಿಲಾಸಮೂಹವು ಸುತ್ತಲಿನ ಶಿಲೆಗಳಿಗಿಂತ ಬೇರೆಯೆಂದು ಕಂಡುಕೊಂಡು ಅದಕ್ಕೆ ಧಾರವಾಡ ಶಿಲಾವರ್ಗವೆಂಬ ಹೆಸರನ್ನಿಟ್ಟವರೂ ಇವರೇ. ೧೮೮೦ರ ದಶಕದಲ್ಲಿ ಇಟ್ಟ ಆ ಹೆಸರಿನಿಂದಾಗಿ ನಮ್ಮ ಧಾರವಾಡವು ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ಇಂದಿಗೂ ನೆಲೆಸಿದೆ. ಕನ್ನಡಿಗರಲ್ಲಿ ಎಷ್ಟು ಮಂದಿಗೆ ಈ ಸಂಗತಿಯು ತಿಳಿದಿದೆ?

ಆದರೆ ಅವರ ಹೆಸರು ಅಗಲದಂತೆ ಅಂಟಿಕೊಂಡಿರುವುದು ಬಳ್ಳಾರಿಗೆ. ಆಗ ಬಳ್ಳಾರಿಯು ಮದರಾಸು ಆಧಿಪತ್ಯದ ಒಂದು ಜಿಲ್ಲೆ. ೧೮೮೦ರ ದಶಕದಲ್ಲಿ ಫೂಟ್ ಸಾಹೇಬರು ಜಿಲ್ಲೆಯನ್ನು ತಾಲ್ಲೂಕು ತಾಲ್ಲೂಕಾಗಿ ಸಂಚರಿಸಿದರು. ಬಳ್ಳಾರಿಯ ಬಂಡೆಗಳು, ಕುರುಗೋಡಿನ ಗುಡ್ಡಗಳು, ಹಗರಿ ಮತ್ತು ತುಂಗಭದ್ರೆಗಳ ತೀರ, ಸಂಡೂರಿನ ಬೆಟ್ಟಸಾಲು ಎಲ್ಲವೂ ಅವರ ಅಭ್ಯಾಸಕ್ಕೆ ಒಳಪಟ್ಟವು. ಈ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥವು ೧೮೯೫ರ ಸುಮಾರಿಗೆ ಸರ್ವೇ ಇಲಾಖೆಯ ಗ್ರಂಥಮಾಲೆಯ ಇಪ್ಪತ್ತೈದನೆಯ ಸಂಪುಟವಾಗಿ ಹೊರಬಂದಿತು. ೧೯೦೪ರಲ್ಲಿ ಫ್ರಾನ್ಸಿಸ್ ಎಂಬ ಅಧಿಕಾರಿಯು ಬಳ್ಳಾರಿ ಜಿಲ್ಲೆಯ ಗೆಜೆಟಿಯರನ್ನು ಬರೆದಾಗ ಭೂರಚನೆಯ ವಿಷಯದಲ್ಲಿ ಆಧಾರವಾಗಿ ಒದಗಿದುದು ಈ ಗ್ರಂಥವೇ. ಬೇಸಗೆಯಲ್ಲಿ ಬಳ್ಳಾರಿಯ ಬಂಡೆಯ ಮೇಲೆ ಬರಿಗಾಲಿಟ್ಟವರಿಗೆ ಈ ಕೆಲಸದ ಕಷ್ಟವನ್ನು ವಿವರಿಸಬೇಕಾದುದಿಲ್ಲ.

ಬಳ್ಳಾರಿಯಿಂದ ಎರಡು ಹರದಾರಿಯೊಳಗೇ ಇರುವ ಕಪ್ಪಗಲ್ಲಿನ ಗುಡ್ಡದಲ್ಲಿ ಅವರು ಕಂಡುದು ದೇಶದ ಪ್ರಾಚೀನ ಚರಿತ್ರೆಯಲ್ಲಿಯೇ ಅಪೂರ್ವವಾದುದು. ಅಲ್ಲಿ ಗ್ರಾನೈಟ್ ಬಂಡೆಗಳ ನಡುವೆ ಕರಿಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಆ ಕರಿಕಲ್ಲು ಗಟ್ಟಿ, ಒಡೆದರೆ ಚೂಪಾಗಿ ಒಡೆಯುವುದು, ಉಜ್ಜಿದರೆ ನುಣುಪಾಗುವುದು. ಹೊಸ ಶಿಲಾಯುಗದ ಜನರು ಇದನ್ನು ಬಲ್ಲವರಾಗಿ, ಅಲ್ಲಿಯೇ ನೆಲೆನಿಂತು ಕಲ್ಲುಗೊಡಲಿಗಳನ್ನು ಮಾಡುತ್ತಿದ್ದರು. ಒಡೆದ ಚಕ್ಕೆಗಳ ರಾಶಿ, ಅರ್ಧಕ್ಕೆ ಬಿಟ್ಟ ಕೊಡಲಿಗಳು, ಕೆಟ್ಟುಹೋದುವೆಂದು ಬಿಸುಟವು, ಉಜ್ಜಿ ಮುಗಿಸಿದವು, ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ಗುಳಿಗಳು, ಇವೆಲ್ಲವೂ ಒಂದೇ ಕಡೆ ಕಾಣಸಿಕ್ಕವು. ಅದು ಒಂದು ದೊಡ್ಡ ಕಾರ್ಖಾನೆಯೆಂದು ಸಾಹೇಬರು ಗುರುತಿಸಿದರು. ದಕ್ಷಿಣದ ಹಲವು ಕಡೆ ರೈತರು ಹೊಲದಲ್ಲಿ ದೊರೆತ ಇಂತಹ ನುಣುಪು ಕಲ್ಲುಗಳನ್ನು ಸಿಡಿಲಿನೊಡನೆ ಬಿದ್ದವೆಂದು ನಂಬಿ ದೇವರ ಮುಂದೆ ಇಡುವುದುಂಟು. ಅವು ನಮ್ಮ ಪೂರ್ವಿಕರ ಕೈಗೆಲಸವೆಂಬುದನ್ನು ಕಪ್ಪಗಲ್ಲು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟಿತು.

ಇದಕ್ಕಿಂತಲೂ ಕುತೂಹಲಕರವಾದುದು ಬೂದಿದಿಬ್ಬಗಳ ಸಮಸ್ಯೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ, ಮತ್ತು ಜಿಲ್ಲೆಯ ಬೇರೆ ಹಲವು ಸ್ಥಳಗಳಲ್ಲಿ, ಬೂದಿಯ ಗುಡ್ಡೆಗಳೇ ನಿಂತಿವೆ. ಕೆಲವು ಕಡೆ ಆ ಬೂದಿಯು ಅತಿಯಾದ ಉರಿಯಿಂದ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ. ಹಂಪೆಯ ಹತ್ತಿರ ನಿಂಬಾಪುರದಲ್ಲಿರುವ ಇಂತಹ ದಿಬ್ಬವನ್ನು ಜನರು ವಾಲಿಯನ್ನು ದಹನ ಮಾಡಿದ ಸ್ಥಳವೆಂದು ಹೇಳುತ್ತ ಬಂದಿದ್ದಾರೆ. ಫೂಟ್ ಸಾಹೇಬರಿಗೆ ಮೊದಲೇ, ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ, ನ್ಯೂಬೋಲ್ಡ್ ಎಂಬ ಸೇನಾಧಿಕಾರಿಯು ಇವುಗಳನ್ನು ಕುರಿತು ಬರೆದಿದ್ದನು. ಇದು ಮನುಷ್ಯರ ಅಥವಾ ಬಲಿಪಶುಗಳ ದಹನದ ಬೂದಿಯೆಂದು ಊಹಿಸಿದ ವಿದ್ವಾಂಸರೂ ಇದ್ದರು. ದಿಬ್ಬಗಳ ಸುತ್ತ ಕಲ್ಲುಗೊಡಲಿಗಳೂ ಮಡಕೆಯ ಚೂರುಗಳೂ ದೊರೆಯುವುದನ್ನು ಫೂಟ್ ಸಾಹೇಬರು ಗಮನಿಸಿ, ಇವು ಹೊಸ ಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿಯನ್ನು ಸುಟ್ಟುದರಿಂದ ಆದ ದಿಬ್ಬಗಳೆಂಬ ಅಭಿಪ್ರಾಯಕ್ಕೆ ಬಂದರು.

ಈ ಅಭಿಪ್ರಾಯವು ಒಡನೆಯೇ ಎಲ್ಲರಿಗೂ ಒಪ್ಪಿತವಾಗಲಿಲ್ಲ. ಆದರೆ ೧೯೫೦ರ ದಶಕದ ಕೊನೆಗೆ ಜೋಯ್ನರ್ ಎಂಬ ವಿಜ್ಞಾನಿಯು ಬಳ್ಳಾರಿ ಜಿಲ್ಲೆಯ ಬೂದಿಯನ್ನು ಪರೀಕ್ಷಿಸಿ ಅದು ಸಗಣಿಯ ಬೂದಿಯೇ ಎಂದು ಹೇಳಿದನು. ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ತೆಲುಗುನಾಡಿನ ಉತನೂರಿನಲ್ಲಿ ಇಂತಹ ದಿಬ್ಬವೊಂದನ್ನು ಅಗೆಯಿಸಿದಾಗ, ದೊಡ್ಡಿಯ ಬೇಲಿಗೂಟಗಳ ಗುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡುಬಂದವು. ಅಂದಿನಿಂದ ವಿವಾದವು ಸಗಣಿಯೇ ಅಲ್ಲವೇ ಎಂಬುದನ್ನು ಬಿಟ್ಟು, ಅದನ್ನು ಏಕೆ ಸುಟ್ಟರು, ಯಾವ ಹಬ್ಬಕ್ಕಾಗಿ, ಯಾವ ನಂಬಿಕೆಯಿಂದ ಎಂಬ ಕಡೆಗೆ ತಿರುಗಿದೆ. ಸಂಕ್ರಾಂತಿಯ ದಿನ ದನಗಳನ್ನು ಕಿಚ್ಚು ಹಾಯಿಸುವ ನಮ್ಮ ಹಳ್ಳಿಗರಿಗೆ ಈ ಪ್ರಶ್ನೆಯು ಅಪರಿಚಿತವಾಗಿ ತೋರಲಾರದು.

ಸರ್ಕಾರದ ಸೇವೆಯಿಂದ ೧೮೯೧ರಲ್ಲಿ ನಿವೃತ್ತರಾದ ಮೇಲೂ ಸಾಹೇಬರು ಸುಮ್ಮನೆ ಕುಳಿತವರಲ್ಲ. ಬರೋಡಾ ಸಂಸ್ಥಾನದ ಭೂರಚನೆಯನ್ನು ಸರ್ವೇ ಮಾಡಿದರು. ೧೮೯೪ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಪ್ರಥಮ ಮುಖ್ಯಸ್ಥರಾಗಿ ದುಡಿದರು. ಇಂದು ಕರ್ನಾಟಕ ರಾಜ್ಯದಲ್ಲಿರುವ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲವು ಅಲ್ಲಿದೆ. ಕೊನೆಯ ವರ್ಷಗಳನ್ನು ಅವರು ಸೇಲಂ ಜಿಲ್ಲೆಯ ಏರ್ಕಾಡಿನಲ್ಲಿ ಕಳೆದರು. ನಲವತ್ತು ವರ್ಷಗಳಲ್ಲಿ ಕೂಡಿಸಿದ ಸಹಸ್ರಾರು ವಸ್ತುಗಳು ಆಗ ಅವರ ಬಳಿಯಲ್ಲಿದ್ದವು. ಅವು ನಾನೂರಕ್ಕೂ ಹೆಚ್ಚು ನೆಲೆಗಳಿಂದ ಬಂದವು. ಅವುಗಳಲ್ಲಿ ಬಳ್ಳಾರಿ ಜಿಲ್ಲೆಯ ಪಾಲು ಬಹು ದೊಡ್ಡದು.

ಆ ಕಾಲದಲ್ಲಿ ಇಂತಹ ಸಂಗ್ರಹಗಳು ಹಡಗನ್ನೇರಿ ಲಂಡನಿಗೆ ಹೋಗುವುದು ವಾಡಿಕೆಯಾಗಿತ್ತು. ಅಮರಾವತಿಯ ಶಿಲ್ಪಗಳಲ್ಲಿ ಎಷ್ಟೋ ಭಾಗವು ಹಾಗೆಯೇ ಹೋಯಿತು. ಆದರೆ ಫೂಟ್ ಸಾಹೇಬರ ಸಂಗ್ರಹವು ೧೯೦೪ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿ ಈ ದೇಶದಲ್ಲಿಯೇ ಉಳಿಯಿತು. ಅಷ್ಟೇ ಅಲ್ಲ, ವೃದ್ಧಾಪ್ಯದಲ್ಲಿ ಅವರು ಪ್ರತಿಯೊಂದು ವಸ್ತುವಿಗೂ ಕ್ರಮಸಂಖ್ಯೆಯನ್ನಿತ್ತು, ಅದು ಯಾವ ಜಿಲ್ಲೆಯ ಯಾವ ಊರಿನ ಬಳಿ ದೊರೆಯಿತೆಂಬುದನ್ನು ನಮೂದಿಸಿ, ಸವಿಸ್ತಾರವಾದ ಪಟ್ಟಿಯನ್ನು ಸಿದ್ಧಪಡಿಸಿದರು. ೧೯೧೨ನೆಯ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ಅವರು ತೀರಿಕೊಂಡಾಗ ಆ ಪಟ್ಟಿಯು ಅಚ್ಚಿನಿಂದ ಹೊರಬಂದಿರಲಿಲ್ಲ. ಅದು ೧೯೧೪ರಲ್ಲಿಯೂ, ಅದರ ಟಿಪ್ಪಣಿಗಳ ಸಂಪುಟವು ೧೯೧೬ರಲ್ಲಿಯೂ ಪ್ರಕಟವಾದವು. ಊರಿನ ಹೆಸರಿಲ್ಲದ ಕಲ್ಲುಗೊಡಲಿಯು ಬರಿಯ ಕಲ್ಲು. ಊರಿನ ಹೆಸರುಳ್ಳ ಕಲ್ಲುಗೊಡಲಿಯು ಚರಿತ್ರೆಯ ಒಂದು ವಾಕ್ಯ. ಈ ಭೇದವನ್ನು ಅರಿತವನೇ ಸಂಶೋಧಕನು.

ಫೂಟ್ ಸಾಹೇಬರ ಕಾರ್ಯದಲ್ಲಿ ನ್ಯೂನತೆಗಳಿಲ್ಲವೆಂದಲ್ಲ. ಅವರ ಸಂಗ್ರಹದ ಬಹುಭಾಗವು ನೆಲದ ಮೇಲೆ ದೊರೆತುದು; ಪದರ ಪದರವಾಗಿ ಅಗೆದು ನೋಡುವ ಶಾಸ್ತ್ರವು ಆಗ ಈ ದೇಶದಲ್ಲಿ ಬೆಳೆದಿರಲಿಲ್ಲ. ಅವರಿಗೆ ದಾರಿ ತೋರಿದ, ಡೇರೆ ಹೊತ್ತ, ಕಲ್ಲುಗಳನ್ನು ಆಯ್ದು ತಂದ ಹಳ್ಳಿಗರ ಹೆಸರುಗಳು ನಮಗೆ ಉಳಿದಿಲ್ಲವೆಂಬುದೂ ವಿಷಾದಕರವಾದ ಸಂಗತಿ. ಅವರು ಬರೆದುದೆಲ್ಲವೂ ಇಂಗ್ಲಿಷಿನಲ್ಲಿ. ತಾವು ಮೆಟ್ಟಿ ಕೊಯ್ಲು ಮಾಡುವ ನೆಲದ ಚರಿತ್ರೆಯು ಬಳ್ಳಾರಿಯ ರೈತರಿಗೆ ತಲೆಮಾರುಗಳವರೆಗೆ ತಲಪಲಿಲ್ಲ. ಆದರೆ ಈ ಕೊನೆಯ ದೋಷವನ್ನು ಪರಕೀಯನ ಮೇಲೆ ಹೊರಿಸುವುದಕ್ಕಿಂತ ಮುಂಚೆ, ಸ್ವಕೀಯರಾದ ನಾವು ಅದನ್ನು ಎಷ್ಟು ಮಟ್ಟಿಗೆ ತಿದ್ದಿದ್ದೇವೆಂದು ಕೇಳಿಕೊಳ್ಳುವುದು ನ್ಯಾಯ.

ಅವರು ಹಚ್ಚಿದ ದೀಪವನ್ನು ಭಾರತೀಯ ವಿದ್ವಾಂಸರು ಮುಂದಕ್ಕೆ ಒಯ್ದರೆಂಬುದು ಹೆಮ್ಮೆಯ ವಿಷಯ. ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧಕರಾದ ಸುಬ್ಬರಾಯರು ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ ಸಂಗನಕಲ್ಲಿನಲ್ಲಿ ಅಗೆತ ನಡೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ತಮ್ಮ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ಅಲ್ಲಿಂದ ಹದಿನೈದು ವರ್ಷಗಳ ಬಳಿಕ, ೧೯೬೩-೬೪ರಲ್ಲಿ, ಎಂ. ಎಸ್. ನಾಗರಾಜರಾಯರು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಅಗೆದರು. ಗುಡ್ಡದ ಮೇಲೆ ಗುಡಿಸಲು ಕಟ್ಟಿಕೊಂಡು ಬಾಳಿದ ಜನರ ನೆಲೆಗಳು, ಅವರ ಶವಸಂಸ್ಕಾರದ ರೀತಿ, ಅವರು ತೊಟ್ಟ ಚಿನ್ನದ ಆಭರಣ ಎಲ್ಲವೂ ಅಲ್ಲಿ ಬೆಳಕಿಗೆ ಬಂದವು. ಕಲ್ಲುಗೊಡಲಿಯ ಕಾಲದವನು ಕಾಡುಮನುಷ್ಯನೆಂಬ ಭಾವನೆಗೆ ತೆಕ್ಕಲಕೋಟೆಯು ಕೊಟ್ಟ ಉತ್ತರವಿದು.

ಕಳೆದ ಶತಮಾನದ ಕೊನೆಯಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ರವಿ ಕೋರಿಶೆಟ್ಟರರು ಇಂಗ್ಲೆಂಡಿನ ವಿದ್ವಾಂಸರೊಡನೆ ಕೂಡಿ ಸಂಗನಕಲ್ಲು ಮತ್ತು ಕಪ್ಪಗಲ್ಲುಗಳ ಅಭ್ಯಾಸವನ್ನು ಹೊಸದಾಗಿ ಕೈಕೊಂಡರು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ತೇಲಿದ ಸುಟ್ಟ ಕಾಳುಗಳನ್ನು ಆಯ್ದು ನೋಡಿದಾಗ ಹುರುಳಿ, ಹೆಸರು, ಕೊರಲೆಗಳ ಕಾಳುಗಳು ದೊರೆತವು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ಸೀಮೆಯ ಜನರು ಇಲ್ಲಿಯ ಧಾನ್ಯಗಳನ್ನು ಇಲ್ಲಿಯೇ ಬೆಳೆದು ಉಣ್ಣುತ್ತಿದ್ದರು. ಫೂಟ್ ಸಾಹೇಬರ ಕಣ್ಣಿಗೆ ಕಾಣದಿದ್ದ ಈ ಸಾಸುವೆಯಷ್ಟು ಚಿಕ್ಕ ಸಾಕ್ಷಿಗಳನ್ನು ಕಾಣಲು ಹೊಸ ವಿಧಾನವು ಬೇಕಾಯಿತು. ಆದರೆ ಎಲ್ಲಿ ಅಗೆಯಬೇಕೆಂಬುದನ್ನು ತೋರಿಸಿದವು ಅವರ ಹಳೆಯ ಪುಟಗಳು.

ಇಷ್ಟಾಯಿತೆಂದು ಕೆಲಸವು ಮುಗಿಯಿತೆಂದು ಯಾರೂ ತಿಳಿಯಬಾರದು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನಗಳು ಬೆಳಕಿಗೆ ಬಂದುದು ೧೯೭೦ರ ದಶಕದಲ್ಲಿ. ಅಂದರೆ ಸಾಹೇಬರು ಕಾಲವಾಗಿ ಅರವತ್ತು ವರ್ಷಗಳಾದ ಮೇಲೆ. ಎರಡು ಸಾವಿರದ ಇನ್ನೂರು ವರ್ಷಗಳ ಕಾಲ ಆ ಅಕ್ಷರಗಳು ಬಯಲಿನಲ್ಲಿಯೇ ಓದುಗನಿಗಾಗಿ ಕಾದಿದ್ದವು. ಇನ್ನೆಷ್ಟು ಕಾದಿವೆಯೋ ಹೇಳಬಲ್ಲವರಾರು?

ಇಲ್ಲಿ ಒಂದು ನಿಷ್ಠುರವಾದ ಮಾತನ್ನು ಹೇಳದೆ ನಿರ್ವಾಹವಿಲ್ಲ. ಫೂಟ್ ಸಾಹೇಬರು ಬಳ್ಳಾರಿ ಸೀಮೆಯಿಂದ ನಮಗೆ ಎರಡು ಬಗೆಯ ಜ್ಞಾನವನ್ನು ಕೊಟ್ಟರು. ಸಂಡೂರಿನ ಬೆಟ್ಟಗಳಲ್ಲಿ ಶ್ರೇಷ್ಠವಾದ ಕಬ್ಬಿಣದ ಅದುರು ಅಪಾರವಾಗಿದೆಯೆಂಬುದು ಒಂದು. ಕಪ್ಪಗಲ್ಲು ಮೊದಲಾದ ಗುಡ್ಡಗಳಲ್ಲಿ ಮನುಷ್ಯನ ಪ್ರಾಚೀನ ಬಾಳಿನ ಕುರುಹುಗಳಿವೆಯೆಂಬುದು ಇನ್ನೊಂದು. ಮೊದಲನೆಯ ಜ್ಞಾನವನ್ನು ನಾವು ಹೇಗೆ ಬಳಸಿಕೊಂಡೆವೆಂಬುದು ಲೋಕಪ್ರಸಿದ್ಧವಾಗಿದೆ. ಗಣಿಗಾರಿಕೆಯು ಮಿತಿಮೀರಿ, ೨೦೧೧ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವೇ ಜಿಲ್ಲೆಯ ಗಣಿಕೆಲಸವನ್ನು ತಡೆಹಿಡಿಯಬೇಕಾಯಿತು. ಎರಡನೆಯ ಜ್ಞಾನದ ಗತಿಯೇನು? ಈ ಶತಮಾನದ ಆರಂಭದ ವರ್ಷಗಳಲ್ಲಿ ಜಲ್ಲಿಗಾಗಿಯೂ ಗ್ರಾನೈಟಿಗಾಗಿಯೂ ಕಪ್ಪಗಲ್ಲಿನ ಗುಡ್ಡಗಳ ಬಂಡೆಗಳನ್ನು ಒಡೆಯಲಾಯಿತು. ಗೂಳಿಗಳ ಚಿತ್ರಗಳನ್ನು ಕೆತ್ತಿದ ಬಂಡೆಗಳು, ತಟ್ಟಿದರೆ ಗಂಟೆಯಂತೆ ನಾದಗೊಡುವ ಬಂಡೆಗಳು ಆ ಗುಡ್ಡದಲ್ಲಿವೆ. ೧೮೯೨ರಲ್ಲಿಯೇ ಫಾಸೆಟ್ ಎಂಬವರು ಈ ಚಿತ್ರಗಳನ್ನು ವಿದ್ವಾಂಸರ ಗಮನಕ್ಕೆ ತಂದಿದ್ದರು. ನಾಲ್ಕು ಸಾವಿರ ವರ್ಷ ಮಳೆಗಾಳಿಗಳಿಗೆ ಜಗ್ಗದ ಬಂಡೆಯು ಒಂದು ಮದ್ದಿನ ಕುಳಿಗೆ ಪುಡಿಯಾಗುತ್ತದೆ. ಕಬ್ಬಿಣದ ಅದುರಿಗಾದರೂ ಬೇರೊಂದು ಬೆಟ್ಟವನ್ನು ಹುಡುಕಬಹುದು. ಈ ಪುಸ್ತಕಕ್ಕೆ ಮತ್ತೊಂದು ಪ್ರತಿಯಿಲ್ಲ.

ಮದರಾಸಿಗೆ ಸೇರಿದ್ದ ಬಳ್ಳಾರಿಯು ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು. ೨೦೧೦ರಲ್ಲಿ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯವು ಬಳ್ಳಾರಿಯಲ್ಲಿಯೇ ಸ್ಥಾಪಿತವಾಯಿತು. ಹಂಪೆಯಲ್ಲಿ ೧೯೯೧ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಸಂಪುಟವಾಗಿ ಹೊರತಂದ ಕೀರ್ತಿ ಅದರದು. ಸಂಡೂರಿನ ನಂದಿಹಳ್ಳಿಯಲ್ಲಿ ಖನಿಜಗಳ ಅಭ್ಯಾಸವು ನಡೆಯುತ್ತದೆ. ಸಿರುಗುಪ್ಪದಲ್ಲಿಯೂ ಹಗರಿಯಲ್ಲಿಯೂ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರಗಳಿವೆ. ಬಳ್ಳಾರಿಯಲ್ಲಿ ಫೂಟ್ ಸಾಹೇಬರ ಹೆಸರನ್ನೇ ಹೊತ್ತ ಪುರಾತತ್ತ್ವ ಸಂಗ್ರಹಾಲಯವೂ ಇದೆ. ಕಲ್ಲು, ಅದುರು, ಮಣ್ಣು, ಧಾನ್ಯ, ಶಾಸನ ಎಲ್ಲವನ್ನೂ ಅರಿಯಬಲ್ಲ ಇಷ್ಟು ಸಂಸ್ಥೆಗಳು ಒಂದೇ ಸೀಮೆಯಲ್ಲಿ ನೆರೆದಿರುವುದು ಸಾಮಾನ್ಯವಾದ ಭಾಗ್ಯವಲ್ಲ. ಫೂಟ್ ಸಾಹೇಬರು ಒಬ್ಬರೇ ಹೊತ್ತಿದ್ದ ಭಾರಕ್ಕೆ ಇಂದು ಹತ್ತಾರು ಹೆಗಲುಗಳಿವೆ.

ಈ ಹೆಗಲುಗಳು ಕೂಡಿ ಮಾಡಬೇಕಾದ ಕಾರ್ಯಗಳು ಅತಿ ವೆಚ್ಚದವೇನೂ ಅಲ್ಲ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ತಾಲ್ಲೂಕುಗಳ ಪ್ರತಿಯೊಂದು ಗುಡ್ಡವನ್ನೂ ವಿದ್ಯಾರ್ಥಿಗಳು ಕಾಲ್ನಡಿಗೆಯಿಂದ ನೋಡಿ, ಯಾವ ನೆಲೆ ಉಳಿದಿದೆ, ಯಾವುದು ಅಳಿದಿದೆ ಎಂಬುದನ್ನು ಸಾಹೇಬರ ಪಟ್ಟಿಯೊಡನೆ ಹೋಲಿಸಿ ಬರೆದಿಡಬೇಕು. ಆ ಬರಹವು ಕನ್ನಡದಲ್ಲಿ ಅಚ್ಚಾಗಿ ಪ್ರತಿಯೊಂದು ಗ್ರಾಮಪಂಚಾಯತಿಗೂ ಶಾಲೆಗೂ ತಲಪಬೇಕು. ಕಲ್ಲುಕ್ವಾರಿಗೆ ಪರವಾನಗಿ ಕೊಡುವ ಅಧಿಕಾರಿಯ ಮೇಜಿನ ಮೇಲೆ ಅದರ ಒಂದು ಪ್ರತಿಯು ಇರಬೇಕು. ಸಹಿ ಹಾಕುವುದಕ್ಕೆ ಮೊದಲು ಅವರು ಅದನ್ನು ತೆರೆದು ನೋಡಬೇಕು. ಫೂಟ್ ಸಾಹೇಬರ ಕಾಲದಲ್ಲಿ ದಾರಿ ತೋರಿ ಹೆಸರಿಲ್ಲದೆ ಹೋದ ಹಳ್ಳಿಗರ ಮೊಮ್ಮಕ್ಕಳ ಹೆಸರುಗಳು ಈ ಸಲವಾದರೂ ಆ ಪುಸ್ತಕದಲ್ಲಿ ಅಚ್ಚಾಗಬೇಕು.

ವಿಶ್ವವಿದ್ಯಾಲಯದ ಸಂಶೋಧನೆಯ ಬಲವು ಅದರ ಕಾಂಪೌಂಡಿನ ಒಳಗೆ ಮಾತ್ರ ಇರುವುದಿಲ್ಲ. ನಡೆಯುವ ಕಾಲು, ಕಾಣುವ ಕಣ್ಣು, ಕಂಡುದನ್ನು ಊರಿನ ಹೆಸರಿನೊಡನೆ ಬರೆದಿಡುವ ಶಿಸ್ತು, ಬರೆದುದನ್ನು ಮುಂದಿನವರ ಪರೀಕ್ಷೆಗೆ ಒಡ್ಡುವ ಧೈರ್ಯ, ಇವೇ ಅದರ ಮೂಲಧನ. ಈ ಧನವನ್ನು ಪರದೇಶದಿಂದ ಬಂದ ಒಬ್ಬರು ಒಂಟಿಯಾಗಿ ಕೂಡಿಸಿ ನಮಗೆ ಬಿಟ್ಟುಹೋದರು. ಅದನ್ನು ಬೆಳೆಯಿಸುವುದೂ ಕಳೆಯುವುದೂ ಈಗ ನಮ್ಮ ಕೈಯಲ್ಲಿದೆ. ಕಪ್ಪಗಲ್ಲಿನ ಗುಡ್ಡವು ಇನ್ನೂ ನಿಂತಿದೆ. ಬಳ್ಳಾರಿಯ ವಿದ್ಯಾರ್ಥಿಗಳು ಬೆಳಗ್ಗೆ ಹೊರಟರೆ ಬಿಸಿಲೇರುವುದರೊಳಗೆ ಅದರ ತಲೆಯನ್ನು ಮುಟ್ಟಬಹುದು.